ಹಂಡೆಗೆ ಬೆಂಕಿ ಹಾಕದ ಬೆಳಿಗ್ಗೆ

ಮಾಗಿಯ ದಿನಗಳಲ್ಲಿ ನನ್ನ ಮೊದಲ ಕೆಲಸ ಥರ್ಮಾಮೀಟರಿನ ಬಟ್ಟಲಿಗೆ ನೀರು ತುಂಬುವುದು. ಐದಕ್ಕೆ ಮೊದಲೇ ಎದ್ದು, ಶಾಲು ಹೊದ್ದು, ಟಾರ್ಚು ಹಿಡಿದು ತಾರಸಿಗೆ ಹತ್ತುತ್ತೇನೆ. ಮೆಟ್ಟಿಲ ತಲೆಯಲ್ಲಿ ಬಿಳಿ ಬಣ್ಣ ಹೊಡೆದ ಮರದ ಗೂಡಿದೆ. ಅದರೊಳಗೆ ಎರಡು ಥರ್ಮಾಮೀಟರು ಪಕ್ಕಪಕ್ಕದಲ್ಲಿ ನೇತಾಡುತ್ತವೆ. ಒಂದು ಒಣಗಿರಬೇಕು. ಇನ್ನೊಂದರ ಬುಡಕ್ಕೆ ಸುತ್ತಿದ ಹತ್ತಿಬಟ್ಟೆ ಕೆಳಗಿನ ಬಟ್ಟಲಿನಿಂದ ನೀರು ಹೀರುತ್ತ ಸದಾ ಒದ್ದೆಯಾಗಿರಬೇಕು. ಎರಡರ ನಡುವೆ ಎಷ್ಟು ವ್ಯತ್ಯಾಸವಿದೆಯೋ ಗಾಳಿ ಅಷ್ಟು ಒಣಗಿದೆ ಎಂದರ್ಥ. ಎರಡೂ ಒಂದೇ ಗೆರೆಯಲ್ಲಿ ನಿಂತರೆ ಗಾಳಿ ಇನ್ನು ಒಂದು ಹನಿಯನ್ನೂ ಹೊರಲಾರದು. ಗೂಡಿನ ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದು ಗಾಳಿಯ ಧೂಳನ್ನು ಎಣಿಸುವ ಯಂತ್ರ. ಅದರ ಬಾಯಿಗೆ ಜೇಡ ಬಲೆ ಕಟ್ಟಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತೇನೆ. ಆಮೇಲೆ ಕೆಳಗಿಳಿದು ಡಿಕಾಕ್ಷನ್ನಿಗೆ ನೀರಿಡುತ್ತೇನೆ. ಅಷ್ಟು ಹೊತ್ತಿಗೆ ಬಚ್ಚಲುಮನೆಯಲ್ಲಿ ಅತ್ತೆ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುರುಕುವ ಸರಸರ ಸದ್ದು, ಬೆಂಕಿಪೊಟ್ಟಣ ಅಲ್ಲಾಡಿಸುವ ಸದ್ದು ಕೇಳುತ್ತದೆ.

ಆ ಗುರುವಾರವೂ ಹಾಗೇ ಕೇಳಿತು. ಆದರೆ ಕಡ್ಡಿ ಗೀರಿದ ಸದ್ದು ಬರುವ ಮೊದಲೇ ಅಂಗಳದಿಂದ ಎದುರುಮನೆಯ ಅಕ್ಕನ ದನಿ ಬಂತು.

“ಅಮ್ಮಾ, ಒಲೆ ಹಚ್ಬೇಡಿ. ಮೂಲೆಮನೆ ಅಜ್ಜ ಹೋದ್ರು. ನಾಲ್ಕು ಗಂಟೆಗಂತೆ.”

ಮೂಲೆಮನೆಯ ಅಜ್ಜ ಹಿಂದೆ ದರ್ಜಿಯಾಗಿದ್ದವರು. ಕೈ ನಡುಗತೊಡಗಿದ ಮೇಲೂ ಕೇರಿಯ ಹೆಂಗಸರ ರವಿಕೆಗೆ ಹುಕ್ಕು ಹಾಕಿಕೊಡುತ್ತಿದ್ದರು. ನಮ್ಮ ಕೇರಿಯಲ್ಲಿ ಒಂಬತ್ತು ಮನೆಗಳಿವೆ. ಯಾರ ಮನೆಯಲ್ಲಿ ಸಾವಾದರೂ ಹೆಣ ಎತ್ತುವ ತನಕ ಉಳಿದ ಎಂಟು ಮನೆಯಲ್ಲೂ ಬೆಂಕಿ ಕಾಣಬಾರದು. ಗ್ಯಾಸು ಬಂದ ಮೇಲೂ ಆ ಪದ್ಧತಿ ಬದಲಾಗಿಲ್ಲ. ನಾನು ಡಿಕಾಕ್ಷನ್ನಿನ ನೀರಿಗೆ ಹಚ್ಚಿದ್ದ ಗ್ಯಾಸು ಆರಿಸಿದೆ. ಅತ್ತೆ ತೆಗೆದ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ, ಸೊಂಟ ಹಿಡಿದುಕೊಂಡು ಎದ್ದು, “ಶಾಲು ಕೊಡು,” ಎಂದರು.

“ಅತ್ತೆ, ಈ ಮಂಜಲ್ಲಿ ಬೇಡ. ಬಿಸಿಲು ಬಂದ ಮೇಲೆ ಹೋಗಿ.”

“ನಾನು ಬಿಸಿಲು ಕಾಯಿಸ್ಕೊಂಡು ಬರೋ ತನಕ ಅವರು ಮಲಗಿರ್ತಾರಾ? ಇವನ ಮೊದಲ ಚಡ್ಡಿ ಹೊಲಿದ ಕೈ ಅದು.”

‘ಇವನು’ ಎಂದರೆ ನಮ್ಮವರು. ಅವರು ಆಗಲೇ ಪಂಚೆ ಎತ್ತಿ ಕಟ್ಟಿ ಟಾರ್ಚು ಹಿಡಿದು ನಿಂತಿದ್ದರು. ಅತ್ತೆಯ ಉಬ್ಬಸದ ಪಂಪನ್ನು ಅವರ ಶಾಲಿನ ಮಡಿಕೆಯಲ್ಲಿ ಸಿಕ್ಕಿಸಿದೆ. ಇಬ್ಬರೂ ನಾಲ್ಕು ಹೆಜ್ಜೆ ಹೋಗುವುದರಲ್ಲಿ ಮಂಜಿನಲ್ಲಿ ಕಾಣದಾದರು. ಟಾರ್ಚಿನ ಬೆಳಕು ಮಾತ್ರ ಸ್ವಲ್ಪ ದೂರದ ತನಕ ಕಂಡಿತು. ಹಾಲಿನವನು ಬರಬೇಕು, ಮನೆ ಬಿಟ್ಟು ಹೋಗುವ ಹಾಗಿಲ್ಲ ಎಂದು ನಾನು ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಆರೂವರೆಯ ಅಳತೆ ತಪ್ಪಬಾರದು ಎಂಬುದೂ ಮನಸ್ಸಿನಲ್ಲಿತ್ತು.

ಆರೂವರೆಗೆ ತಾರಸಿಗೆ ಹೋಗಿ ಪೆಟ್ಟಿಗೆಯ ಅಂಕಿ ನೋಡಿದೆ. ಮೂವತ್ತೆಂಟು. ಹಿಂದಿನ ದಿನ ಅದೇ ಹೊತ್ತಿಗೆ ನೂರ ಎಪ್ಪತ್ತರ ಮೇಲಿತ್ತು. ಯಂತ್ರ ಕೆಟ್ಟಿತು ಎಂದುಕೊಂಡೆ.

ಈ ಕೆಲಸ ನನಗೆ ಬಂದದ್ದು ಕೈಬರಹದಿಂದ. ನಮ್ಮವರಿಗೆ ಕೊಪ್ಪದ ಪೇಟೆಯಲ್ಲಿ ಪುಸ್ತಕ, ಪೆನ್ನಿನ ಅಂಗಡಿ. ರಿಜಿಸ್ಟರು ಕೊಳ್ಳಲು ಬಂದ ವಿಜ್ಞಾನದ ಲೆಕ್ಚರರೊಬ್ಬರು ಕಪಾಟಿನ ಚೀಟಿಗಳ ಮೇಲಿನ ಅಕ್ಷರ ಯಾರದ್ದೆಂದು ಕೇಳಿದರಂತೆ. ಮರುವಾರ ಮನೆಗೇ ಬಂದು, ಒಂದು ವರ್ಷ ದಿನಕ್ಕೆ ನಾಲ್ಕು ಹೊತ್ತು ಹವೆಯ ಅಳತೆ ಬರೆದುಕೊಡಬಹುದೇ ಎಂದರು. ಕೊಪ್ಪದಲ್ಲಿ ನಮ್ಮದೊಂದು, ಶೃಂಗೇರಿ ಹತ್ತಿರ ಮೆಣಸೆಯಲ್ಲೊಂದು, ನರಸಿಂಹರಾಜಪುರದ ಹಿನ್ನೀರಿನ ಕಡೆ ಇನ್ನೊಂದು, ಹೀಗೆ ಮೂರು ಮನೆ. ನಾನು ಒಪ್ಪಿದೆ. ಗೆರೆ ಎಳೆದ ಪುಸ್ತಕದಲ್ಲಿ ಅಂಕಿ ತುಂಬುವುದು ನನಗೆ ಕಾನ್ವೆಂಟಿನ ದಿನದಿಂದಲೂ ಇಷ್ಟದ ಕೆಲಸ.

ಮಳೆಗಾಲದಲ್ಲಿ ಮಳೆ ಅಳೆಯುವುದೇ ದೊಡ್ಡ ಕೆಲಸವಾಗಿತ್ತು. ಗಾಳಿಗೆ ತಿರುಚುವ ಕೊಡೆ ಹಿಡಿದು, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಧೂಳಿನ ಪೆಟ್ಟಿಗೆಗೆ ಆಗ ಕೆಲಸವೇ ಇರಲಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆಯಂಥ ಗಾಳಿ. ಅಂಕಿ ಹತ್ತರ ಆಸುಪಾಸು. ದೀಪಾವಳಿ ಕಳೆದು ಮಂಜು ಬೀಳತೊಡಗಿದ ಮೇಲೆ ಬೆಳಗಿನ ಅಂಕಿ ಏರಿ ಮೂರಂಕಿಯಲ್ಲಿ ನಿಂತಿತು. ಮಧ್ಯಾಹ್ನ ಇಳಿಯುವುದು, ಮರುದಿನ ಬೆಳಿಗ್ಗೆ ಮತ್ತೆ ಏರುವುದು. ಗಾಬರಿಯಾಗಿ ಲೆಕ್ಚರರಿಗೆ ಫೋನು ಮಾಡಿದೆ.

“ಅದು ಮಂಜು ಮೇಡಂ,” ಎಂದರು. “ಪೆಟ್ಟಿಗೆ ಒಳಗೆ ಒಂದು ಬೆಳಕಿನ ಎಳೆ ಇದೆ. ಅದನ್ನ ದಾಟಿ ಹೋಗೋದೆಲ್ಲ ಅದಕ್ಕೆ ಧೂಳೇ. ನೀರಿನ ಹನಿ ಹೋದ್ರೂ ಧೂಳು ಅಂತ ಎಣಿಸುತ್ತೆ. ನೀವು ಷರಾದಲ್ಲಿ ‘ಮಂಜು’ ಅಂತ ಬರೀರಿ. ಆ ಅಂಕಿ ಬಿಟ್ಟು ನಾನು ಲೆಕ್ಕ ಹಾಕ್ತೀನಿ.”

ಪುಟದ ಕೊನೆಯ ಕಲಮು ಷರಾದ್ದು. ಶಾಲೆಯಲ್ಲಿ ನಮ್ಮ ಪ್ರಯೋಗದ ಪುಸ್ತಕ ತಿದ್ದುತ್ತಿದ್ದ ಸಿಸ್ಟರು ಖಾಲಿ ಕಲಮು ಕಂಡರೆ ಪುಸ್ತಕ ವಾಪಸು ಕೊಡುತ್ತಿದ್ದರು. ಆ ಹೆದರಿಕೆ ಈಗಲೂ ಕೈಯಲ್ಲಿದೆ. ಶನಿವಾರ ಸಂಜೆ ಕೂತು, ವಾರದ ಷರಾವನ್ನು ಮೇಲಿನಿಂದ ಕೆಳಗೆ ಒಟ್ಟಿಗೇ ತುಂಬುತ್ತಿದ್ದೆ: ಮಂಜು, ಮಂಜು, ಮಂಜು. ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತೋ ತೆಳುವಾಗಿತ್ತೋ ನೆನಪಿಲ್ಲದಿದ್ದರೆ ಅಂಕಿ ನೋಡುತ್ತಿದ್ದೆ. ಅಂಕಿ ದೊಡ್ಡದಿದ್ದರೆ ಮಂಜೇ ಇದ್ದಿರಬೇಕು. ಆಗ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಅನುಮಾನಿಸಲು ಒಂದು ಅವಕಾಶ ಒದಗಿತ್ತು. ಮೆಣಸೆಯ ಪೆಟ್ಟಿಗೆ ನೋಡಿಕೊಳ್ಳುವವರೂ ನನ್ನ ಹಾಗೆ ಮನೆಯಾಕೆ. ಆಗಾಗ ಫೋನಿನಲ್ಲಿ ಅಂಕಿಗಳನ್ನು ಹೋಲಿಸುತ್ತಿದ್ದೆವು. ಒಮ್ಮೆ ಅವರು, “ನಮ್ಮಲ್ಲಿ ಬಾಗಿಲಲ್ಲಿ ನಿಂತ್ರೆ ತುಳಸಿಕಟ್ಟೆ ಕಾಣಲ್ಲ ಮಾರಾಯ್ತಿ, ಅಂಥ ಮಂಜು. ಆದ್ರೂ ನಲವತ್ತು ದಾಟಲ್ಲ. ನಿಮ್ಮ ಪೆಟ್ಟಿಗೆಗೆ ಎಂತೋ ಆಗಿದೆ,” ಎಂದರು. ಹಾಗಾದರೆ ಅದಲುಬದಲು ಮಾಡಿ ನೋಡೋಣ ಎಂದು, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಶೃಂಗೇರಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಸಂಜೆಯ ಬಸ್ಸಿಗೆ ಅವರದ್ದು ಬಂತು. ಒಂದು ವಾರ ನೋಡಿದೆವು. ಅವರ ಪೆಟ್ಟಿಗೆ ನಮ್ಮ ತಾರಸಿಯಲ್ಲಿ ಮೂರಂಕಿ ತೋರಿಸಿತು. ನಮ್ಮದು ಅಲ್ಲಿ ಹೋಗಿ ಸುಮ್ಮನಾಯಿತು. ಯಂತ್ರದಲ್ಲಿ ದೋಷವಿಲ್ಲ ಎಂದು ಖಾತ್ರಿಯಾಯಿತು. “ನಿಮ್ಮ ಕೇರಿ ತಗ್ಗಲ್ಲಿ ಇದೆಯಲ್ಲ, ಮಂಜು ದಪ್ಪ ಇರ್ಬೇಕು,” ಎಂದರು ಅವರು. ನಮ್ಮ ಕೇರಿ ಪೇಟೆಯ ರಸ್ತೆಯಿಂದ ಇಳಿಜಾರಿನಲ್ಲಿ, ಬೋಗುಣಿಯ ತಳದಂಥ ಜಾಗದಲ್ಲಿದೆ. ಮಾತು ಸರಿಯೆನಿಸಿ ಅಲ್ಲಿಗೇ ಬಿಟ್ಟೆ. ಮೆಣಸೆಯಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆಯಿದೆ, ನಮ್ಮಲ್ಲಿ ಸೂರಿಗೆ ಸೂರು ತಾಗಿದೆ ಎಂಬುದು ತಲೆಗೆ ಹೊಳೆಯಲಿಲ್ಲ.

ಇದೇ ಹೊತ್ತಿನಲ್ಲಿ ಮನೆಯೊಳಗೆ ಅತ್ತೆಯ ಉಬ್ಬಸ ಹೆಚ್ಚುತ್ತಿತ್ತು. ಎಪ್ಪತ್ತು ದಾಟಿದವರು. ಎರಡು ವರ್ಷದಿಂದ ಮಾಗಿ ಬಂತೆಂದರೆ ಬೆಳಗಿನ ಹೊತ್ತು ಎದೆ ಸಿಳ್ಳೆ ಹಾಕುತ್ತದೆ. ಕೆಮ್ಮು ಕೇರಿಯ ಆ ತುದಿಗೆ ಕೇಳುತ್ತದೆ. ಚಳಿ, ಧೂಳು, ಹೊಗೆ ಮೂರರಿಂದಲೂ ದೂರ ಇಡಿ ಎಂದಿದ್ದರು ಡಾಕ್ಟರು. ಮೂರರಲ್ಲಿ ನಾವು ಕೇಳಿಸಿಕೊಂಡದ್ದು ಚಳಿಯೊಂದನ್ನೇ. ಧೂಳು ಎಂದರೆ ರಸ್ತೆಯದು, ಹೊಗೆ ಎಂದರೆ ಲಾರಿಯದು. ಎರಡೂ ನಮ್ಮ ಕೇರಿಗೆ ಬರುವುದಿಲ್ಲ. ಅತ್ತೆಯನ್ನು ಬೆಚ್ಚಗಿಡಬೇಕೆಂದು ನಾನೇ ಅವರ ಮಂಚವನ್ನು ಬಚ್ಚಲುಮನೆಗೆ ತಾಗಿದ ಸಣ್ಣ ಕೋಣೆಗೆ ಹಾಕಿಸಿದೆ. ಒಲೆಯ ಕಾವಿಗೆ ಅಲ್ಲಿನ ಗೋಡೆ ಮಧ್ಯಾಹ್ನದ ತನಕ ಬೆಚ್ಚಗಿರುತ್ತದೆ. ಮಂಜು ನುಗ್ಗದಿರಲೆಂದು ಕಿಟಕಿಯ ಸಂದಿಗೆ ಹಳೆಯ ಸೀರೆಯ ತುಂಡು ತುರುಕಿದೆ. ಆದರೂ ಆ ಮಾಗಿಯಲ್ಲಿ ಎರಡು ಸಲ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಮೂಗಿಗೆ ಮಾಸ್ಕು ಹಾಕಿಸಿ, ಹಬೆಯ ಔಷಧ ಕೊಡಿಸಬೇಕಾಯಿತು.

ಎರಡನೆಯ ಸಲ ವಾಪಸು ಬರುವಾಗ ಕಾರಿನಲ್ಲೇ ತೀರ್ಮಾನವಾಯಿತು. ಕೊಪ್ಪದ ಮಂಜು ಅವರಿಗೆ ಆಗುವುದಿಲ್ಲ. ಕುಂದಾಪುರದಲ್ಲಿರುವ ನಾದಿನಿಯ ಮನೆಗೆ ಕಳಿಸುವುದು. ಕಡಲ ತೀರದಲ್ಲಿ ಚಳಿಯೂ ಇಲ್ಲ, ಮಂಜೂ ಇಲ್ಲ. ಭಾನುವಾರ ನಾದಿನಿಯ ಗಂಡ ಕಾರು ತರುತ್ತಾರೆ. ಈ ಮಾಗಿಗೆ ಮಾತ್ರವಲ್ಲ, ಇನ್ನು ಪ್ರತಿ ಮಾಗಿಗೂ. ಅತ್ತೆಗೆ ಮನಸ್ಸಿರಲಿಲ್ಲ. “ಚಳಿಯಲ್ಲಿ ಸಾಯೋದು ಬೇಡ, ಸೆಕೆಯಲ್ಲಿ ಬೆಂದು ಸಾಯ್ಲಿ ಅಂತ,” ಎಂದು ಚೀಲಕ್ಕೆ ತುಂಬಿದ ಸೀರೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಡುತ್ತಿದ್ದರು. ನಾನು ಮತ್ತೆ ತುಂಬುತ್ತಿದ್ದೆ. ಆ ಗುರುವಾರಕ್ಕೆ ಚೀಲ ಮೂರನೆಯ ಸಲ ತುಂಬಿತ್ತು.

ತಾರಸಿಯಲ್ಲಿ ಮೂವತ್ತೆಂಟನ್ನು ನೋಡಿದಾಗ ಇದೆಲ್ಲ ಒಟ್ಟಿಗೆ ಹೊಳೆಯಿತೆಂದರೆ ಸುಳ್ಳಾಗುತ್ತದೆ. ನಾನು ಯಂತ್ರವನ್ನೇ ಅನುಮಾನಿಸಿದೆ. ಸ್ವಿಚ್ಚು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿದೆ. ಮೂವತ್ತಾರು. ಬಾಯಿಯನ್ನು ಬ್ರಷ್ಷಿನಿಂದ ಗುಡಿಸಿದೆ. ಮೂವತ್ತೇಳು. ಲೆಕ್ಚರರು ಹೇಳಿಕೊಟ್ಟ ಪರೀಕ್ಷೆ ಊದುಬತ್ತಿಯದು; ಆದರೆ ಅವತ್ತು ಬೆಂಕಿ ಹಚ್ಚುವ ಹಾಗಿಲ್ಲ. ಕೆಳಗಿಳಿದು ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತಂದು ಪೆಟ್ಟಿಗೆಯ ಬಾಯಿಯ ಹತ್ತಿರ ಸ್ವಲ್ಪ ತಟ್ಟಿದೆ. ಅಂಕಿ ಮುನ್ನೂರಕ್ಕೆ ನೆಗೆದು, ನಿಧಾನಕ್ಕೆ ಇಳಿದು, ಮತ್ತೆ ಮೂವತ್ತೆಂಟರಲ್ಲಿ ನಿಂತಿತು. ಯಂತ್ರಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ಹಾಗಾದರೆ ಇವತ್ತು ಮಂಜು ಕಡಿಮೆಯೇ? ಥರ್ಮಾಮೀಟರು ನೋಡಿದೆ. ಎರಡೂ ಒಂದೇ ಗೆರೆಯಲ್ಲಿದ್ದವು. ಮಂಜು ಎಷ್ಟು ದಟ್ಟ ಎಂದು ತಿಳಿಯಲು ನಾನು ಮೂರು ಗುರುತು ಇಟ್ಟುಕೊಂಡಿದ್ದೇನೆ: ಎದುರುಮನೆಯ ಗೇಟು, ಕರೆಂಟು ಕಂಬ, ಅದರಾಚೆಯ ಹಲಸಿನ ಮರ. ಅವತ್ತು ಗೇಟೊಂದೇ ಕಂಡಿತು, ಅದೂ ಅರ್ಧ. ತಾರಸಿಯಂಚಿನ ಕಬ್ಬಿಣದ ಕಟಾಂಜನದಿಂದ ಹನಿ ತೊಟ್ಟಿಕ್ಕುತ್ತಿತ್ತು. ನಿನ್ನೆಯಷ್ಟೇ ಮಂಜು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೇ.

ಕಟಾಂಜನ ಹಿಡಿದು ನಿಂತೆ. ಏನೋ ಇಲ್ಲ ಎನ್ನಿಸುತ್ತಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ವಾಸನೆ ಇರಲಿಲ್ಲ. ಬೆಳಗಿನ ಹೊತ್ತು ಇಲ್ಲಿ ಸದಾ ಇರುವ, ಇದೆಯೆಂದೇ ನಮಗೆ ಗೊತ್ತಾಗದ, ಸಿಪ್ಪೆ ಸುಟ್ಟ ಕಮಟು ವಾಸನೆ ಇರಲಿಲ್ಲ. ಬದಲಿಗೆ ಒದ್ದೆ ಎಲೆಯ, ಪಾಚಿಯ ವಾಸನೆ ಬರುತ್ತಿತ್ತು, ಮಳೆಗಾಲದಲ್ಲಿ ಬರುವಂಥದ್ದು. ಮಂಜಿನಲ್ಲಿ ಕಂಡಷ್ಟು ಹತ್ತಿರದ ಮನೆಗಳ ಬಚ್ಚಲ ಮಾಡನ್ನು ಒಂದೊಂದಾಗಿ ನೋಡಿದೆ. ಯಾವ ಹೆಂಚಿನ ಸಂದಿಯಿಂದಲೂ ಹೊಗೆ ಬರುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಇಪ್ಪತ್ತನಾಲ್ಕು ವರ್ಷದಲ್ಲಿ ಮಾಗಿಯ ಬೆಳಿಗ್ಗೆ ಹೀಗೆ ಕಂಡದ್ದು ನೆನಪಿಲ್ಲ.

ಮಂಜು ಇದೆ, ಹೊಗೆ ಇಲ್ಲ, ಅಂಕಿ ಏರಿಲ್ಲ.

ಮೂಲೆಮನೆಯಿಂದ ಅಳು ಕೇಳುತ್ತಿತ್ತು. ಅಲ್ಲಿ ಒಬ್ಬರು ಸತ್ತಿದ್ದಾರೆ, ಇಲ್ಲಿ ನಾನು ಪೆನ್ಸಿಲು ಹಿಡಿದಿದ್ದೇನೆ ಎಂದು ಸಂಕೋಚವಾಯಿತು. ಆದರೂ ಬರೆದೆ. ಏಳಕ್ಕೆ ಬರೆದೆ, ಏಳೂವರೆಗೆ, ಎಂಟಕ್ಕೆ, ಎಂಟೂವರೆಗೆ. ಒಮ್ಮೆಯೂ ನಲವತ್ತೈದು ದಾಟಲಿಲ್ಲ. ಮೊದಲ ಬಾರಿಗೆ ಷರಾದ ಕಲಮನ್ನು ಬೇಕೆಂದೇ ಖಾಲಿ ಬಿಟ್ಟೆ.

ಒಂಬತ್ತಕ್ಕೆ ಮಂಜು ಹರಿದು ಬಿಸಿಲು ಬಿತ್ತು. ಬಾಗಿಲು ಹಾಕಿಕೊಂಡು ಮೂಲೆಮನೆಗೆ ಹೋದೆ. ಅತ್ತೆ ಅಂಗಳದ ಬೆಂಚಿನ ಮೇಲೆ ಹೆಂಗಸರ ನಡುವೆ ಕೂತಿದ್ದರು. ಹತ್ತಿರ ಹೋಗಲು ಜಾಗವಿರಲಿಲ್ಲ. ಗೇಟಿನ ಬಳಿ ನಿಂತು ಅಜ್ಜನಿಗೆ ಕೈಮುಗಿದೆ. ಸ್ವಲ್ಪ ಹೊತ್ತಿಗೆ ಎತ್ತಿದರು. ಚಟ್ಟ ತಿರುವು ದಾಟಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಮನೆಗೆ ಹೊರಟರು. ಇನ್ನು ಎಲ್ಲರಿಗೂ ಸ್ನಾನವಾಗಬೇಕು. ಸ್ನಾನಕ್ಕೆ ಮೊದಲು ಹಂಡೆ ಕಾಯಬೇಕು.

ಇದನ್ನು ನಾನು ಯೋಚಿಸಿರಲಿಲ್ಲ. ಅರ್ಧ ಗಂಟೆಯೊಳಗೆ ಕೇರಿಯ ಎಲ್ಲ ಬಚ್ಚಲೊಲೆಗಳೂ ಒಟ್ಟಿಗೆ ಹೊತ್ತಿಕೊಂಡವು. ದಿನಾ ಬೆಳಿಗ್ಗೆ ಉರಿಯುವಷ್ಟೇ ಸಿಪ್ಪೆ, ಅಷ್ಟೇ ಹಸಿ ಸೌದೆ. ಇನ್ನೂ ಸ್ವಲ್ಪ ಹೆಚ್ಚೇ, ಏಕೆಂದರೆ ಮನೆಮಂದಿಯೆಲ್ಲ ಒಟ್ಟಿಗೆ ಮೀಯಬೇಕು. ಓಡಿ ತಾರಸಿಗೆ ಹೋಗಿ ಕಾಲು ಗಂಟೆಗೊಮ್ಮೆ ಅಂಕಿ ಬರೆದೆ. ಹೊಗೆ ಕಣ್ಣಿಗೆ ಕಾಣುವಷ್ಟಿತ್ತು. ಆದರೆ ಅದು ಪ್ರತಿ ಮಾಡಿನಿಂದ ನೆಟ್ಟಗೆ ಎದ್ದು, ಹಲಸಿನ ಮರದ ತಲೆ ದಾಟಿ, ಬಿಸಿಲಿನಲ್ಲಿ ಚದುರಿ ಹೋಗುತ್ತಿತ್ತು. ಪೆಟ್ಟಿಗೆ ಐವತ್ತೈದರ ತನಕ ಹೋಗಿ ಹಿಂದೆ ಬಂತು.

ಅಂದರೆ ಬೆಂಕಿಯೊಂದೇ ಅಲ್ಲ, ಹೊತ್ತು ಕೂಡ. ಮಾಗಿಯ ಬೆಳಿಗ್ಗೆ ತಣ್ಣನೆಯ ಗಾಳಿ ತಗ್ಗಿನಲ್ಲಿ ಕೂತಿರುತ್ತದೆ, ಏಳುವುದಿಲ್ಲ. ಆಗ ಹಚ್ಚಿದ ಬೆಂಕಿಯ ಹೊಗೆ ಮುಚ್ಚಳ ಹಾಕಿದ ಪಾತ್ರೆಯೊಳಗಿನ ಹಾಗೆ ಇಲ್ಲೇ ಸುತ್ತುತ್ತದೆ. ಬಿಸಿಲು ಬಿದ್ದು ನೆಲ ಬೆಚ್ಚಗಾದ ಮೇಲೆ ಮುಚ್ಚಳ ತೆರೆಯುತ್ತದೆ. ಮಂಜು ಹೊಗೆಯನ್ನು ನಮ್ಮ ಕಣ್ಣಿಂದ ಮರೆಮಾಡಿತ್ತು, ಅಷ್ಟೇ. ಆ ಪಾತ್ರೆಯ ತಳದಲ್ಲಿ, ಒಲೆಯ ಗೋಡೆಗೆ ತಾಗಿಸಿ, ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ನಾನು ಅತ್ತೆಯನ್ನು ಮಲಗಿಸಿದ್ದೆ.

ಊಟಕ್ಕೆ ಕೂತಾಗ ಹನ್ನೆರಡು ದಾಟಿತ್ತು. ಕೇಳಬೇಕಾದ ಒಂದು ಪ್ರಶ್ನೆಯಿತ್ತು.

“ಅತ್ತೆ, ಬೆಳಿಗ್ಗೆ ಅಲ್ಲಿ ಕೂತಿದ್ದಾಗ ಉಬ್ಬಸ ಬಂತಾ? ಕೆಮ್ಮು?”

“ಹೆಣದ ಮುಂದೆ ಕೂತು ನಾನು ನನ್ನ ಕೆಮ್ಮು ಎಣಿಸ್ತಾ ಇದ್ನಾ? ಎಂತ ಪ್ರಶ್ನೆ ಮಾರಾಯ್ತಿ ನಿಂದು.”

“ನೀವು ನೋಡಿದ್ರಾ?” ಎಂದು ನಮ್ಮವರನ್ನು ಕೇಳಿದೆ.

“ನಾನು ಗಂಡಸರ ಜೊತೆ ಬಿದಿರು ತರಕ್ಕೆ ಹೋಗಿದ್ದೆ. ನಂಗೇನು ಗೊತ್ತು?”

ಪಂಪು ಶಾಲಿನ ಮಡಿಕೆಯಲ್ಲೇ ಇತ್ತು. ಆದರೆ ಅದರಿಂದ ಏನೂ ಹೇಳುವಂತಿಲ್ಲ. ಅತ್ತೆ ನಾಲ್ಕು ಜನರೆದುರು ಪಂಪು ಬಾಯಿಗಿಡುವವರಲ್ಲ, ಕೆಮ್ಮಿಕೊಂಡೇ ಕೂರುತ್ತಾರೆ. ನಾನು ಪುಸ್ತಕ ತಂದು, ನಿನ್ನೆಯ ಸಾಲನ್ನೂ ಇವತ್ತಿನ ಸಾಲನ್ನೂ ತೋರಿಸಿ, ನನಗೆ ತಿಳಿದಷ್ಟು ಹೇಳಿದೆ. ಅತ್ತೆ ಮಜ್ಜಿಗೆ ಅನ್ನ ಕಲಸುತ್ತಲೇ ಕೇಳಿಸಿಕೊಂಡರು.

“ಅಂದ್ರೆ ನನ್ನ ಬೆಂಕಿ ನಂಗೇ ಆಗಲ್ಲ ಅಂತೀಯ.”

“ಬೆಂಕಿ ಅಲ್ಲ ಅತ್ತೆ. ಐದು ಗಂಟೆ ಬೆಂಕಿ. ಒಂಬತ್ತಕ್ಕೆ ಹಚ್ಚಿದ್ರೆ ತೊಂದ್ರೆ ಇಲ್ಲ ಅಂತ ಕಾಣುತ್ತೆ.”

“ಒಂಬತ್ತಕ್ಕೆ ಮಿಂದು ಹತ್ತಕ್ಕೆ ದೇವರಿಗೆ ದೀಪ ಹಚ್ಚೋ ಮನೆ ಅಂತ ಹೆಸರು ಬರ್ಬೇಕಾ? ನಾನು ಹೊಗೆಯಲ್ಲೇ ಹುಟ್ಟಿದವಳು. ಹೊಗೆ ಬೇಡ ಅಂದ್ರೆ ಮಾಡಿನ ಮರದ ಪಕಾಸಿಗೆ ಹುಳ ಹಿಡಿಯುತ್ತೆ, ಗೊತ್ತಾ?”

“ಕುಂದಾಪುರಕ್ಕೆ ಹೋದ್ರೆ ಯಾವ ರಗಳೆನೂ ಇಲ್ಲ,” ಎಂದರು ನಮ್ಮವರು.

“ನೀನು ಸುಮ್ನೆ ಉಣ್ಣು.”

ನಾನು ಹೇಳಲೇಬೇಕಾದ ಮಾತು ಉಳಿದಿತ್ತು. “ಮಂಚ ಅಲ್ಲಿ ಹಾಕಿಸಿದ್ದು ನಾನು ಅತ್ತೆ. ಕಿಟಕಿ ಮುಚ್ಚಿದ್ದೂ ನಾನು. ಎರಡು ಸಲ ನಿಮ್ಮನ್ನ ಆಸ್ಪತ್ರೆಗೆ ಒಯ್ಯೋ ಹಾಗಾದದ್ದು ಅದ್ರಿಂದಲೇ ಇರ್ಬೇಕು.”

ಅವರು ಕೈ ತೊಳೆಯಲು ಎದ್ದರು. ಬಾಗಿಲ ಬಳಿ ನಿಂತು, “ಬೆಚ್ಚಗಿರ್ಲಿ ಅಂತಲ್ವಾ ಮಾಡಿದ್ದು,” ಎಂದರು. ಆಮೇಲೆ, “ಮಂಚ ಬೇಕಾದ್ರೆ ತೆಗಿ. ಹಂಡೆ ಸುದ್ದಿಗೆ ಬರ್ಬೇಡ.”

ಲೆಕ್ಚರರಿಗೆ ಫೋನು ಮಾಡಿದೆ. ಅವರು ಎಲ್ಲ ಅಂಕಿಗಳನ್ನೂ ಇನ್ನೊಮ್ಮೆ ಓದಿಸಿಕೊಂಡರು. ಕೊನೆಗೆ, “ಅಷ್ಟೂ ದಿನದ ಅಂಕಿ ನಾನು ಮಂಜು ಅಂತ ಬಿಟ್ಟುಬಿಟ್ಟಿದ್ದೆನಲ್ಲ ಮೇಡಂ,” ಎಂದರು. “ಒಂದು ಬೆಳಿಗ್ಗೆ ನಂಬಿ ಏನೂ ಹೇಳೋ ಹಾಗಿಲ್ಲ. ಇಂಥದ್ದೇ ಇನ್ನೊಂದೆರಡು ಬೆಳಿಗ್ಗೆ ಸಿಗ್ಬೇಕು.”

“ಅದಕ್ಕೆ ಇನ್ನಿಬ್ಬರು ಸಾಯ್ಬೇಕಲ್ಲ ಸರ್.”

“ಹಾಗಾದ್ರೆ ನಿಮ್ಮನೆ ಒಲೆ ಒಂದನ್ನಾದ್ರೂ ನಿಲ್ಲಿಸಿ ನೋಡಿ,” ಎಂದರು.

ಮೇಜಿನ ಮುಂದೆ ಕೂತು ದೀಪಾವಳಿಯ ನಂತರದ ಪುಟಗಳನ್ನು ತೆರೆದೆ. ತಪ್ಪನ್ನು ರಬ್ಬರಿನಿಂದ ಅಳಿಸಬಾರದು, ಓದಲು ಬರುವ ಹಾಗೆ ಒಂದೇ ಗೆರೆ ಎಳೆಯಬೇಕು ಎಂಬುದೂ ಸಿಸ್ಟರಿಂದ ಕಲಿತದ್ದೇ. ಸ್ಕೇಲು ಇಟ್ಟು ಒಂದೊಂದೇ ‘ಮಂಜು’ವಿನ ಮೇಲೆ ಗೆರೆ ಎಳೆದೆ. ಎಳೆಯುತ್ತ ಹೋದ ಹಾಗೆ ಒಂದು ವಿಷಯ ಮನಸ್ಸಿಗೆ ಬಂತು. ಆ ಹೊಗೆಯನ್ನು ನಾನು ಬಚ್ಚಿಟ್ಟವಳಲ್ಲ, ನೋಡದೆ ಇದ್ದವಳೂ ಅಲ್ಲ. ದಿನಾ ಬೆಳಿಗ್ಗೆ ಅದರ ನಡುವೆಯೇ ನಿಂತು ಅಂಕಿ ಬರೆದಿದ್ದೇನೆ. ಅದು ನಮ್ಮ ಮನೆಯ ವಾಸನೆಯಾಗಿತ್ತು, ಮನೆಯ ವಾಸನೆಯನ್ನು ಯಾರೂ ಷರಾದಲ್ಲಿ ಬರೆಯುವುದಿಲ್ಲ. ಗೆರೆ ಎಳೆದ ಪುಟಗಳ ಫೋಟೋ ತೆಗೆದು, ‘ಇವು ನಾನು ಅಂಕಿ ನೋಡಿ ಬರೆದ ಷರಾಗಳು, ಆಕಾಶ ನೋಡಿ ಬರೆದವಲ್ಲ’ ಎಂದು ಅಡಿಯಲ್ಲಿ ಬರೆದು ಲೆಕ್ಚರರಿಗೆ ಕಳಿಸಿದೆ.

ಅದಕ್ಕಿಂತ ಕಷ್ಟದ ಕೆಲಸ ಆಮೇಲಿನದು. ಕುಂದಾಪುರಕ್ಕೆ ಫೋನು ಹಚ್ಚಿ, ಭಾನುವಾರ ಕಾರು ತರುವುದು ಬೇಡ, ಹದಿನೈದು ದಿನ ನೋಡೋಣ ಎಂದೆ. ನಾದಿನಿಗೆ ಸಿಟ್ಟು ಬಂತು. ಬರುವಂಥದ್ದೇ.

“ಅತ್ತಿಗೆ, ಒಂದು ದಿನ ನಿಮ್ಮ ಡಬ್ಬಿಯಲ್ಲಿ ನಂಬರು ಕಡಿಮೆ ಬಂತು ಅಂತ ಅಮ್ಮನ್ನ ಮಂಜಲ್ಲಿ ಇಟ್ಕೊಳ್ತೀರಾ? ನಾಳೆ ಹೆಚ್ಚುಕಡಿಮೆ ಆದ್ರೆ ಜವಾಬ್ದಾರಿ ಯಾರ್ದು?”

“ನಂದು,” ಎಂದೆ.

ನನ್ನ ಬಳಿ ಇದ್ದದ್ದು ತಾರಸಿಯ ಅಂಕಿ ಮಾತ್ರ. ಪೆಟ್ಟಿಗೆ ಧೂಳು ಎಣಿಸುತ್ತದೆ, ಉಸಿರು ಎಣಿಸುವುದಿಲ್ಲ. ಹೊಗೆ ಇಲ್ಲದಿದ್ದರೂ ಮಂಜು, ಚಳಿ ಅತ್ತೆಯ ಎದೆಗೆ ಆಗದಿರಬಹುದು. ಆ ಬೆಳಿಗ್ಗೆ ಅವರು ಸಿಳ್ಳೆ ಹಾಕುವ ಎದೆ ಹಿಡಿದುಕೊಂಡೇ ಆ ಬೆಂಚಿನ ಮೇಲೆ ಕೂತಿದ್ದಿರಬಹುದು. ಹಾಗಿದ್ದರೆ ಭಾನುವಾರದ ಕಾರು ಬೇಡವೆಂದದ್ದು ಅವರ ಪ್ರಾಣದ ಜೊತೆ ಆಡಿದ ಆಟವಾಗುತ್ತದೆ. ನಮ್ಮವರು ಮಂಚದ ಒಂದು ತುದಿ ಹಿಡಿದರು. ಇಬ್ಬರೂ ಸೇರಿ ಅದನ್ನು ಬೀದಿ ಬದಿಯ ಕೋಣೆಗೆ ಸಾಗಿಸಿ, ಕಿಟಕಿಯ ಪಕ್ಕಕ್ಕೆ ಹಾಕಿದೆವು. ಹಾಸಿಗೆ ಕೊಡವಿದಾಗ ಅದರಿಂದಲೂ ಸಿಪ್ಪೆ ಹೊಗೆಯ ವಾಸನೆ ಬಂತು. ಅತ್ತೆ ಬಂದು ಮಂಚದ ಮೇಲೆ ಕೂತು, ಅಂಗೈಯಿಂದ ಗೋಡೆ ಮುಟ್ಟಿ ನೋಡಿ, “ಐಸಿನ ಹಾಗಿದೆ,” ಎಂದರು. ಅವರಿಗೆ ಎರಡು ಕಂಬಳಿ ತಂದಿಟ್ಟೆ. ಬೆಳಿಗ್ಗೆ ಐದಕ್ಕೆ ಹಂಡೆಯ ಮುಂದೆ ಏನಾಗುತ್ತದೋ ನನಗೆ ತಿಳಿಯದು. ಅವರ ಕೈಯಿಂದ ಬೆಂಕಿಪೊಟ್ಟಣ ಕಸಿಯುವ ಸೊಸೆ ನಾನಲ್ಲ. ಉಳಿದ ಮನೆಗಳಿಗೆ ಹೋಗಿ ನಿಮ್ಮ ಒಲೆ ತಡವಾಗಿ ಹಚ್ಚಿ ಎನ್ನುವ ಧೈರ್ಯ ಮೊದಲೇ ಇಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರುಮನೆಯ ಅಕ್ಕ ಸಣ್ಣ ಲೋಟ ಹಿಡಿದುಕೊಂಡು ಬಂದರು. ಬೆಳಿಗ್ಗೆ ಗಡಿಬಿಡಿಯಲ್ಲಿ ಮೊಸರೆಲ್ಲ ಮುಗಿದು ಹೆಪ್ಪಿಗೆ ಉಳಿದಿಲ್ಲ, ಒಂದು ಚಮಚ ಮಜ್ಜಿಗೆ ಇದ್ದರೆ ಕೊಡು ಎಂದರು. ನಾನು ಒಳಗೆ ಹೋಗಿ ತಂದೆ. ಅವರು ಜಗಲಿಯ ಕಂಬಕ್ಕೆ ಒರಗಿ, ತೆರೆದ ಕಿಟಕಿಯೊಳಗೆ ಮಂಚದ ಮೇಲೆ ಕೂತ ಅತ್ತೆಯನ್ನು ನೋಡುತ್ತಿದ್ದರು.

“ಇಲ್ಲಿಗೆ ಬಂದ್ರಾ ಅಮ್ಮ? ಒಳ್ಳೇದಾಯ್ತು, ಬೀದಿ ಕಾಣುತ್ತೆ,” ಎಂದು ಲೋಟ ತೆಗೆದುಕೊಂಡು ಎರಡು ಮೆಟ್ಟಿಲು ಇಳಿದರು. ಅಲ್ಲೇ ನಿಂತು, ಸೆರಗಿನಿಂದ ಲೋಟದ ಬಾಯಿ ಮುಚ್ಚುತ್ತ, ನನ್ನ ಕಡೆ ತಿರುಗಿ ಹೇಳಿದರು:

“ಏನೇ ಹೇಳು, ಸಾವಿನ ಮನೆ ಕಂಡ್ರೆ ಕೆಮ್ಮಿಗೂ ಹೆದರಿಕೆ ಮಾರಾಯ್ತಿ. ಆ ಮಂಜಲ್ಲಿ ಅಷ್ಟು ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ರಲ್ಲ ನಿನ್ನತ್ತೆ, ಒಂದು ಸಲನಾದ್ರೂ ಕೆಮ್ಮಿದ್ರೆ ಕೇಳು.”